ನಾಗಂದಿಗೆಯ ಮೇಲೆ ಸಿಕ್ಕಿದ ಬ್ಯಾಂಜೋ: ಇದು ಯಾವ ಬಗೆಯದು, ನಿಮ್ಮ ಮನೆಗಳಲ್ಲಿ ಏನೇನು ಸಿಕ್ಕಿದೆ?

ಅಘನಾಶಿನಿ ದಂಡೆ (ಕುಮಟಾ)

ಎಲ್ಲರಿಗೂ ನಮಸ್ಕಾರ. ಅಂಕೋಲೆಯ ಸಮೀಪದ ನಮ್ಮ ಸೋದರಮಾವನ ಮನೆಯಲ್ಲಿ ಕಳೆದ ವಾರ ಹಂಚು ಕೈಯಾಡಿಸುವ ಕೆಲಸ ನಡೆದಿತ್ತು. ಕೆಲಸದವರು ಹಂಚು ತೆಗೆದಾಗ ಒಳಗೆ ಬಿಸಿಲು ಬಿದ್ದು, ನಡುಮನೆಯ ನಾಗಂದಿಗೆಯ (ಗೋಡೆಯ ಎತ್ತರದಲ್ಲಿ ಸಾಮಾನು ಇಡುವ ಹಲಗೆಯ) ತುದಿಯಲ್ಲಿ, ತಾಮ್ರದ ಹಂಡೆಗಳ ಹಿಂದೆ, ಒಂದು ಕಪ್ಪು ಪೆಟ್ಟಿಗೆ ಕಾಣಿಸಿತು. ದೋಸೆಯ ಕಾವಲಿಗೆ ಉದ್ದನೆಯ ಹಿಡಿ ಹಚ್ಚಿದರೆ ಹೇಗಿರುತ್ತದೆಯೋ ಆ ಆಕಾರ. ನಲವತ್ತು ವರ್ಷಗಳಿಂದ ಆ ಮನೆಗೆ ಹೋಗಿ ಬಂದು ಮಾಡುತ್ತಿರುವ ನಾನು ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಏಣಿಯ ಮೇಲೆ ನಿಂತು ಅದನ್ನು ನನ್ನ ಕಡೆಗೆ ಎಳೆದುಕೊಳ್ಳುವಾಗ ಒಳಗೆ ಒಂದು ತಂತಿ ತಾನಾಗಿಯೇ ಸಣ್ಣಗೆ ಮಿಡಿಯಿತು. ಆಮೇಲೆ ಏಣಿ ಇಳಿಯುವಷ್ಟು ತಾಳ್ಮೆ ನನಗೆ ಉಳಿಯಲಿಲ್ಲ. ಮೇಲೆಯೇ, ಹಂಚಿನ ಧೂಳಿನ ನಡುವೆಯೇ, ಮುಚ್ಚಳ ತೆರೆದೆ.

ಒಳಗಿದ್ದದ್ದು ಗೇಣಿಗಿಂತ ತುಸು ಹೆಚ್ಚು ಅಗಲದ ಮರದ ಬಳೆ, ಅದರ ಮೇಲೆ ಬಿಗಿದ ಚರ್ಮ, ಸುತ್ತಲೂ ಚರ್ಮವನ್ನು ಬಿಗಿಯುವ ಇಪ್ಪತ್ನಾಲ್ಕು ಕಬ್ಬಿಣದ ಕೊಕ್ಕೆಗಳು, ಉದ್ದನೆಯ ಕುತ್ತಿಗೆ, ಅದರ ಮೇಲೆ ಹತ್ತೊಂಬತ್ತು ಫ್ರೆಟ್ಟುಗಳು (ಸ್ವರದ ಜಾಗ ತೋರಿಸುವ ಅಡ್ಡ ಲೋಹದ ಪಟ್ಟಿಗಳು) ಮತ್ತು ತುದಿಯಲ್ಲಿ ತಂತಿ ಬಿಗಿಯುವ ನಾಲ್ಕು ಬಿರಡೆಗಳು. ಚರ್ಮ ಒಂದು ಅಂಚಿನಲ್ಲಿ ಎರಡು ಬೆರಳಿನಷ್ಟು ಹರಿದಿದೆ. ತಂತಿ ಉಳಿದಿರುವುದು ಒಂದೇ. ತುದಿಯ ತಗಡಿನ ಪಟ್ಟಿಯಲ್ಲಿದ್ದ ಅಕ್ಷರಗಳು ಸವೆದು ಹೋಗಿದ್ದು, ಬಾಂಬೆ ಎಂಬ ಒಂದು ಪದವನ್ನು ಮಾತ್ರ ಓದಬಹುದು. ಪೆಟ್ಟಿಗೆಯ ಮೂಲೆಯಲ್ಲಿ, ಯಾಕೆಂದು ತಿಳಿಯದು, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ ಒಂದು ಹಿಡಿ ಕಾಳುಮೆಣಸು ಇತ್ತು.

ಮಾವ ಹೊಲದ ಕಡೆ ಹೋಗಿದ್ದರಿಂದ ಅವರನ್ನು ಇನ್ನೂ ಕೇಳಿಲ್ಲ. ಇದು ಬ್ಯಾಂಜೋ ಎಂದು ನಾನು ಊಹಿಸಿದ್ದೇನೆ. ಸರಿಯೇ? ಇದಕ್ಕೆ ಎಷ್ಟು ವರ್ಷವಾಗಿರಬಹುದು? ನಿಮ್ಮ ಮನೆಗಳಲ್ಲಿ ಇಂಥದ್ದು ಸಿಕ್ಕಿದ್ದರೆ ದಯವಿಟ್ಟು ಬರೆಯಿರಿ.

ಪೆಟ್ಟಿಗೆ ಮಾಸ್ತರ (ಶಿರಸಿ)

ಇದು ಬ್ಯಾಂಜೋ ಅಲ್ಲವೆಂದು ಸ್ಪಷ್ಟವಾಗಿ ಹೇಳಬಯಸುತ್ತೇನೆ. ನಾನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತಿದ್ದೇನೆ, ಬ್ಯಾಂಜೋವನ್ನೂ ಬಾರಿಸಿದ್ದೇನೆ. ಬ್ಯಾಂಜೋ ಎಂದರೆ ಉದ್ದನೆಯ ಮರದ ಪೆಟ್ಟಿಗೆ. ಅದರ ಮೇಲೆ ಟೈಪ್‌ರೈಟರಿನ ಗುಂಡಿಗಳಂಥ ಕೀಲಿಗಳಿರುತ್ತವೆ. ಎಡಗೈಯಿಂದ ಕೀಲಿ ಒತ್ತಿ ಬಲಗೈಯಿಂದ ತಂತಿಯನ್ನು ಮೀಟುತ್ತಾರೆ. ಗಣೇಶ ಚತುರ್ಥಿಯ ಮೆರವಣಿಗೆಯಲ್ಲಿ ಮುಂಬಯಿ ಕಡೆಯ ಬ್ಯಾಂಜೋ ಪಾರ್ಟಿಯನ್ನು ಕಂಡವರಿಗೆಲ್ಲ ಇದು ಗೊತ್ತು. ನಿಮಗೆ ಸಿಕ್ಕಿದ್ದು ಯಾವುದೋ ಇಂಗ್ಲಿಷ್ ವಾದ್ಯವಿರಬೇಕು.

ಹೊಗೆಯಟ್ಟ (ಯಲ್ಲಾಪುರ)

ಮಾಸ್ತರರು ಹೇಳಿದ ಮೇಲೆ ಮುಗಿಯಿತು. ಅದು ಹಿಡಿ ಇರುವ ಮದ್ದಳೆ.

ತಂತಿ ಮತ್ತು ತೊಗಲು (ಬೆಂಗಳೂರು, ಮೂಲ ಕಾರವಾರ)

ಮಾಸ್ತರರೇ, ತಮ್ಮ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಎರಡೂ ಬ್ಯಾಂಜೋಗಳೇ, ಆದರೆ ಎರಡಕ್ಕೂ ರಕ್ತಸಂಬಂಧವಿಲ್ಲ. ತಾವು ಬಾರಿಸಿದ್ದು ಬುಲ್‌ಬುಲ್ ತರಂಗ. ಅದರ ಮೂಲ ಜಪಾನಿನಲ್ಲಿದೆ. ನಗೋಯಾದ ಮೊರಿತಾ ಗೊರೊ ಎಂಬಾತ 1912ರಲ್ಲಿ, ಅಂದರೆ ತೈಶೋ ದೊರೆ ಪಟ್ಟಕ್ಕೆ ಬಂದ ವರ್ಷದಲ್ಲಿ, ಟೈಪ್‌ರೈಟರಿನ ಕೀಲಿಗಳನ್ನು ತಂತಿಯ ಮೇಲೆ ಕೂರಿಸಿ ತೈಶೋಗೊಟೊ ಎಂಬ ವಾದ್ಯವನ್ನು ಮಾಡಿದ. ಅದು ಹಡಗು ಹತ್ತಿ ನಮ್ಮ ದೇಶಕ್ಕೆ ಬಂದು ಬುಲ್‌ಬುಲ್ ತರಂಗವಾಯಿತು, ಜನರ ಬಾಯಲ್ಲಿ ಬ್ಯಾಂಜೋ ಎಂದೂ ಆಯಿತು. ಸ್ವರ ನುಡಿಸುವ ತಂತಿಗಳು ಬೇರೆ, ಶ್ರುತಿ ಹಿಡಿಯುವ ತಂತಿಗಳು ಬೇರೆ ಇರುವುದರಿಂದ ನಮ್ಮ ಕಿವಿಗೆ ಅದು ಕೂಡಲೇ ಹಿಡಿಸಿತು ಎಂದು ನನ್ನ ಅನಿಸಿಕೆ.

ಅಘನಾಶಿನಿಯವರಿಗೆ ಸಿಕ್ಕಿದ್ದು ಅಮೆರಿಕದ ಕಡೆಯ ಬ್ಯಾಂಜೋ. ಅದರಲ್ಲಿಯೂ ಬಗೆಗಳಿವೆ. ಐದು ತಂತಿಯದಾದರೆ ಐದನೆಯ ಬಿರಡೆ ತುದಿಯಲ್ಲಿರದೆ ಕುತ್ತಿಗೆಯ ಪಕ್ಕದಲ್ಲಿ, ಐದನೆಯ ಫ್ರೆಟ್ಟಿನ ಹತ್ತಿರ, ಮೊಳೆತ ಕೊಂಬೆಯಂತೆ ಹೊರಚಾಚಿರುತ್ತದೆ. ಎಂಟು ತಂತಿಯ ಚಿಕ್ಕದು ಬ್ಯಾಂಜೋ ಮ್ಯಾಂಡೋಲಿನ್. ನಾಲ್ಕು ತಂತಿಯ, ಗಿಡ್ಡ ಕುತ್ತಿಗೆಯ ಪುಟ್ಟದು ಬ್ಯಾಂಜೋ ಯುಕುಲೇಲಿ. ತಮ್ಮದು ನಾಲ್ಕು ಬಿರಡೆ, ಹತ್ತೊಂಬತ್ತು ಫ್ರೆಟ್ಟು ಎಂದ ಮೇಲೆ ಅದು ಟೆನರ್ ಬ್ಯಾಂಜೋ ಆಗಿರುವುದೇ ಹೆಚ್ಚು ಸಂಭವ. ಆ ಬಗೆ ಹುಟ್ಟಿದ್ದು ಸುಮಾರು 1910ರ ಆಸುಪಾಸಿನಲ್ಲಿ. ಅದು ನೃತ್ಯದ ಬ್ಯಾಂಡುಗಳಲ್ಲಿ ಮೆರೆದದ್ದು 1920ರ ದಶಕದಲ್ಲಿ. 1930ರ ದಶಕದಲ್ಲಿ ಗಿಟಾರು ಬಂದು ಅದನ್ನು ಮೂಲೆಗೆ ತಳ್ಳಿತು. ಕಾರಣ ಸರಳವಾದದ್ದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ತುತ್ತೂರಿಗಳ ನಡುವೆಯೂ ಕೇಳಿಸುವ ತಂತಿವಾದ್ಯ ಬೇಕಾಗಿತ್ತು, ಚರ್ಮ ಬಿಗಿದ ಬ್ಯಾಂಜೋ ಆ ಕೆಲಸ ಮಾಡುತ್ತಿತ್ತು.

ಮೂರು ಪ್ರಶ್ನೆಗಳಿವೆ. ಬಳೆಯ ಒಳಗೆ ಅಡ್ಡಲಾಗಿ ಮರದ ಕೋಲು ಇದೆಯೋ, ಕಬ್ಬಿಣದ ಸಲಾಕೆ ಇದೆಯೋ? ಹಿಂಬದಿಗೆ ಮರದ ತಟ್ಟೆ ಮುಚ್ಚಿದೆಯೋ, ಬಯಲಾಗಿದೆಯೋ? ಆ ಕಾಳುಮೆಣಸು ಹಳೆಯದೋ, ಹೊಸದೋ?

ಅಘನಾಶಿನಿ ದಂಡೆ (ಕುಮಟಾ)

ಮರದ ಕೋಲು. ಹಿಂಬದಿ ಬಯಲು. ಕಾಳುಮೆಣಸನ್ನು ಜಗಿದು ನೋಡಿದೆ. ಖಾರ ಚೆನ್ನಾಗಿಯೇ ಇದೆ. ಆದರೆ ಅದು ಯಾಕೆ ಬೇಕಾಯಿತು?

ತಂತಿ ಮತ್ತು ತೊಗಲು (ಬೆಂಗಳೂರು, ಮೂಲ ಕಾರವಾರ)

ನೂರು ವರ್ಷದ ಪೆಟ್ಟಿಗೆಯಲ್ಲಿ ಖಾರವಿರುವ ಮೆಣಸು ಎಂದರೆ ಯಾರೋ ಅದನ್ನು ಈಚೆಗೆ ತೆರೆದಿದ್ದಾರೆ. ಮನೆಯವರನ್ನು ಕೇಳಿ.

ಉಳಿದಂತೆ, ಮರದ ಕೋಲು ಮತ್ತು ತೆರೆದ ಹಿಂಬದಿ ಹಳೆಯ ಮಾದರಿಯ ಲಕ್ಷಣ. ಲಂಡನ್ನಿನ ಕ್ಲಿಫರ್ಡ್ ಎಸೆಕ್ಸ್, ಬರ್ಮಿಂಗ್‌ಹ್ಯಾಮಿನ ವಿಂಡ್ಸರ್ ಮುಂತಾದ ತಯಾರಕರು ಆ ಕೋಲಿನ ಮೇಲೆ ಅಥವಾ ಕುತ್ತಿಗೆಯ ಬುಡದಲ್ಲಿ ತಮ್ಮ ಮುದ್ರೆ ಒತ್ತುವುದಿತ್ತು. ಬ್ಯಾಟರಿ ಹಿಡಿದು ನೋಡಿ. ತುದಿಯ ತಗಡಿನಲ್ಲಿರುವ ಬಾಂಬೆಯನ್ನು ನಂಬಬೇಡಿ. ಅದು ಮಾರಿದ ಅಂಗಡಿಯ ಪಟ್ಟಿ. ಹೆಸರಿಲ್ಲದ ವಾದ್ಯಗಳನ್ನು ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ತರಿಸಿ ತಮ್ಮ ಹೆಸರು ಹಚ್ಚಿ ಮಾರುವುದು ಎಲ್ಲ ದೇಶದ ಅಂಗಡಿಗಳ ರೂಢಿ.

ಮಾಜಾಳಿ ಕಡಲು (ಕಾರವಾರ)

ಅಂಕೋಲೆಯ ನಾಗಂದಿಗೆಗೆ ಟೆನರ್ ಬ್ಯಾಂಜೋ ಹೇಗೆ ಬಂತು ಎಂಬುದರ ಬಗ್ಗೆ ನನಗೊಂದು ಊಹೆ ಇದೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ನಮ್ಮವರಿಗೆ ಕೋರ್ಟು, ಕಾಲೇಜು, ನೌಕರಿ ಎಲ್ಲವೂ ಮುಂಬಯಿಯ ದಿಕ್ಕಿನಲ್ಲಿಯೇ ಇದ್ದವು. ಆಗಬೋಟು, ಅಂದರೆ ಉಗಿಹಡಗು, ಹತ್ತಿದರೆ ಅಲ್ಲಿಗೇ. ಮುಂಬಯಿಯ ಹೋಟೆಲುಗಳಲ್ಲಿ, ಮುಂದೆ ಸಿನಿಮಾ ಸ್ಟುಡಿಯೋಗಳಲ್ಲಿ ಪಾಶ್ಚಾತ್ಯ ವಾದ್ಯ ನುಡಿಸುತ್ತಿದ್ದವರಲ್ಲಿ ದೊಡ್ಡ ಪಾಲು ಗೋವೆಯವರದು. ಅವರಲ್ಲಿ ಅನೇಕರು ಗೋವೆಯ ಇಗರ್ಜಿಯ (ಚರ್ಚಿನ) ಶಾಲೆಗಳಲ್ಲಿ ಚಿಕ್ಕಂದಿನಿಂದಲೇ ಸ್ವರಲಿಪಿ ಓದುವುದನ್ನೂ ಪಿಟೀಲನ್ನೂ ಕಲಿತವರು. ಇದರಲ್ಲಿ ಬ್ಯಾಂಜೋ ಎಲ್ಲಿ ಬಂತು ಎನ್ನುವಿರಾದರೆ, ತಂತಿ ಮತ್ತು ತೊಗಲು ಅವರು ಹೇಳಲಿ.

ತಂತಿ ಮತ್ತು ತೊಗಲು (ಬೆಂಗಳೂರು, ಮೂಲ ಕಾರವಾರ)

ಬಹಳ ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಟೆನರ್ ಬ್ಯಾಂಜೋವಿನ ನಾಲ್ಕು ತಂತಿಗಳನ್ನು ಪಿಟೀಲಿನಂತೆಯೇ ಷಡ್ಜ ಪಂಚಮದ, ಅಂದರೆ ಸರಿಗಮದ ಸ ಮತ್ತು ಪ ಸ್ವರಗಳ, ಅಂತರದಲ್ಲಿ ಶ್ರುತಿ ಮಾಡುತ್ತಾರೆ. ಆದ್ದರಿಂದ ಪಿಟೀಲು ಗೊತ್ತಿದ್ದವನ ಎಡಗೈ ಬೆರಳುಗಳಿಗೆ ಅದರ ದಾರಿ ಮೊದಲೇ ತಿಳಿದಿರುತ್ತದೆ. 1920ರ ದಶಕದಲ್ಲಿ ಬ್ಯಾಂಡಿನವರಿಗೆ ಬ್ಯಾಂಜೋ ಬೇಕಾದಾಗ ಪಿಟೀಲಿನವರೂ ಮ್ಯಾಂಡೋಲಿನ್ನಿನವರೂ ಹೊಸ ವಿದ್ಯೆ ಕಲಿಯದೆ ಅದನ್ನು ಎತ್ತಿಕೊಂಡದ್ದು ಹೀಗೆ. ಹೊರದೇಶಗಳಲ್ಲಿಯೂ ನಡೆದದ್ದು ಅದೇ.

ಹೊಗೆಯಟ್ಟ (ಯಲ್ಲಾಪುರ)

ಬ್ಯಾಂಜೋ ಮೂಲತಃ ಆಫ್ರಿಕದ ಗುಲಾಮರ ವಾದ್ಯವೆಂದು ಓದಿದ್ದೇನೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಜರೂ ಗೋವೆಯ ಪೋರ್ಚುಗೀಸರ ಮೂಲಕ ಆಫ್ರಿಕದಿಂದ ಬಂದವರೇ. ಹಾಗಾದರೆ ಬ್ಯಾಂಜೋ ನಮ್ಮ ಜಿಲ್ಲೆಗೆ ಅವರ ಜೊತೆಗೇ ಬಂದಿರಬಾರದೇಕೆ? ಅಮೆರಿಕ ಯಾಕೆ ಬೇಕು?

ತಂತಿ ಮತ್ತು ತೊಗಲು (ಬೆಂಗಳೂರು, ಮೂಲ ಕಾರವಾರ)

ಮನಸ್ಸಿಗೆ ಹಿತವಾದ ಕಥೆ, ಆದರೆ ನಿಲ್ಲುವುದಿಲ್ಲ. ಬ್ಯಾಂಜೋವಿನ ಬೇರು ಪಶ್ಚಿಮ ಆಫ್ರಿಕದ ಕಡೆಗಿದೆ. ಅಲ್ಲಿ ಸೋರೆಬುರುಡೆಗೆ ಚರ್ಮ ಬಿಗಿದು ಕೋಲು ತೂರಿಸಿದ ವಾದ್ಯಗಳಿವೆ. ಸೆನೆಗಲ್ ಮತ್ತು ಗ್ಯಾಂಬಿಯಾದ ಜೋಲಾ ಜನರ ಅಕೊಂಟಿಂಗ್ ಅವುಗಳಲ್ಲಿ ಒಂದು. ಸಿದ್ದಿಗಳ ಪೂರ್ವಜರು ಹೆಚ್ಚಾಗಿ ಪೂರ್ವ ಆಫ್ರಿಕದಿಂದ ಬಂದವರು. ಅವರ ವಾದ್ಯವೆಂದರೆ ಡಮಾಮಿ, ಅದು ಬಡಿಯುವ ವಾದ್ಯ. ಆಫ್ರಿಕ ಎಂಬ ಒಂದು ಹೆಸರಿನಡಿ ಇಡೀ ಖಂಡವನ್ನು ಒಂದೇ ಊರೆಂದು ಎಣಿಸಬಾರದು.

ಇನ್ನೊಂದು ಮಾತು. ಐದನೆಯ ಗಿಡ್ಡ ತಂತಿಯನ್ನು ವರ್ಜೀನಿಯಾದ ಜೋಯೆಲ್ ಸ್ವೀನಿ ಎಂಬ ಬಿಳಿಯ ಕಲಾವಿದ ಕಂಡುಹಿಡಿದನೆಂದು ಬಹಳ ಕಾಲ ಹೇಳುತ್ತಿದ್ದರು. ಆತ ಹುಟ್ಟಿದ್ದು 1810ರಲ್ಲಿ. ಆದರೆ 18ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಬರೆದ ಒಂದು ಜಲವರ್ಣ ಚಿತ್ರದಲ್ಲಿ, ತೋಟದಲ್ಲಿ ದುಡಿಯುತ್ತಿದ್ದ ಕಪ್ಪು ಜನರ ನಡುವೆ ಒಬ್ಬ ಬುರುಡೆಯ ಬ್ಯಾಂಜೋ ಹಿಡಿದು ಕುಳಿತಿದ್ದಾನೆ, ಅದರಲ್ಲಿ ಗಿಡ್ಡ ತಂತಿ ಆಗಲೇ ಇದೆ. ಯಾರ ವಸ್ತು ಯಾರ ಹೆಸರಿಗೆ ದಾಖಲಾಗುತ್ತದೆ ಎಂಬುದು ನಮ್ಮ ಅಟ್ಟಗಳಿಗೂ ಅನ್ವಯಿಸುವ ಪ್ರಶ್ನೆಯೇ.

ಅಪ್ಪೆಮಿಡಿ (ಸಿದ್ದಾಪುರ)

ನಿಮ್ಮೆಲ್ಲರ ಇತಿಹಾಸದ ನಡುವೆ ನನ್ನದೊಂದು ನಾಚಿಕೆಯ ಕಥೆಯನ್ನು ಒಪ್ಪಿಸುತ್ತೇನೆ. ನನ್ನ ಗಂಡನ ಮನೆಯಲ್ಲಿ ಅವಲಕ್ಕಿ ಜರಡಿ ಹಿಡಿಯಲು ಒಂದು ವಿಚಿತ್ರವಾದ ಜರಡಿ ಇತ್ತು. ಅದರ ಬಳೆ ಬಹಳ ದಪ್ಪ, ಹೊರಮೈಗೆ ಹಿತ್ತಾಳೆಯ ಪಟ್ಟಿ, ಸುತ್ತಲೂ ಸಾಲಾಗಿ ಸಣ್ಣ ಸಣ್ಣ ತೂತುಗಳು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅದನ್ನು ಎತ್ತಿದಾಗ, ಜರಡಿಗೆ ಇಷ್ಟು ಭಾರ ಯಾಕೆಂದು ಕೇಳಿದ್ದೆ. ಅಜ್ಜಿಯ ಕಾಲದಿಂದಲೂ ಹಾಗೆಯೇ ಇದೆ ಎಂದು ಅತ್ತೆ ಹೇಳಿದರು. ಹದಿನೆಂಟು ವರ್ಷ ಅದರಲ್ಲಿ ಅವಲಕ್ಕಿ ಕೇರಿದೆ, ಜರಡಿ ಹಿಡಿದೆ. ನನ್ನ ಮಗ ಒಮ್ಮೆ ಕಂಪ್ಯೂಟರಿನಲ್ಲಿ ಯಾವುದೋ ಹಾಡಿನ ಚಿತ್ರ ತೋರಿಸಿ, ಆಯಿ, ನಿನ್ನ ಜರಡಿ ಇಲ್ಲಿದೆ ನೋಡು ಎಂದು ಕೂಗಿದ.

ಆಮೇಲೆ ಮನೆಯನ್ನೆಲ್ಲ ಹುಡುಕಿದೆವು. ಕುತ್ತಿಗೆ ಸಿಕ್ಕಿತು, ಕೊಟ್ಟಿಗೆಯ ಬಾಗಿಲಿಗೆ ಅಗಳಿಯಾಗಿ. ಫ್ರೆಟ್ಟುಗಳೆಲ್ಲ ಹಾಗೆಯೇ ಇದ್ದವು. ಪ್ರತಿದಿನ ಸಂಜೆ ಬಾಗಿಲು ಹಾಕುವಾಗ ಅಂಗೈಗೆ ತಾಗುತ್ತಿದ್ದ ಆ ಸಾಲು ತಂತಿಗಳನ್ನು ನಾನು ಅಲಂಕಾರವೆಂದು ಎಣಿಸಿದ್ದೆ. ಕೊಕ್ಕೆಗಳು ಎಲ್ಲಿ ಹೋದವೆಂಬುದೂ ತಿಳಿಯಿತು. ದೇವರ ಕೋಣೆಯಲ್ಲಿ ಪಂಚಾಂಗ, ಗಂಟೆ, ಕೊಡೆ ತೂಗಿಸಿದ್ದ ಕೊಕ್ಕೆಗಳೆಲ್ಲ ಅವೇ.

ಹೊಗೆಯಟ್ಟ (ಯಲ್ಲಾಪುರ)

ಅಕ್ಕಾ, ಆ ಅವಲಕ್ಕಿಗೆ ಶ್ರುತಿ ಸರಿಯಾಗಿತ್ತೇ?

ಅಪ್ಪೆಮಿಡಿ (ಸಿದ್ದಾಪುರ)

ತಮ್ಮಾ, ಒಂದು ಕಾಳು ಕಲ್ಲೂ ಬರುತ್ತಿರಲಿಲ್ಲ.

ಹಳೇ ಕೊಂಡಿ (ಹೊನ್ನಾವರ)

ನಾನು ಹವ್ಯಾಸಕ್ಕೆಂದು ಹಳೆಯ ತಂತಿವಾದ್ಯಗಳನ್ನು ಹುಡುಕುತ್ತ ಭಟ್ಕಳದಿಂದ ಸದಾಶಿವಗಡದವರೆಗೆ ಹದಿನೈದು ವರ್ಷ ತಿರುಗಿದವನು. ಕೆಲವು ಅನುಭವಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ನಿಮ್ಮಲ್ಲಿ ಹಳೆಯ ಬ್ಯಾಂಜೋ ಇದೆಯೇ ಎಂದು ಎಂದೂ ಕೇಳಬಾರದು. ಇಲ್ಲ ಎಂಬ ಉತ್ತರವೇ ಬರುತ್ತದೆ, ಯಾಕೆಂದರೆ ಒಂದೊಂದು ಮನೆಯಲ್ಲಿ ಅದಕ್ಕೆ ಒಂದೊಂದು ಹೆಸರು. ಒಂದು ಕಡೆ ಅದು ಗಿಟಾರಿ, ಇನ್ನೊಂದು ಕಡೆ ಫಿಡ್ಲು, ಮತ್ತೊಂದು ಕಡೆ ಕಾಕನ ಪೆಟ್ಟಿಗೆ. ಈ ಮನೆಯಲ್ಲಿ ಮೊದಲು ಯಾರು ಬಾರಿಸುತ್ತಿದ್ದರು ಎಂದು ಕೇಳಬೇಕು. ಅದನ್ನೂ ಯಜಮಾನರನ್ನು ಕೇಳಿ ಫಲವಿಲ್ಲ, ಒಳಗಿನ ಅಜ್ಜಿಯನ್ನು ಕೇಳಬೇಕು. ಮನೆಯಲ್ಲಿ ಯಾವ ವಸ್ತು ಯಾವ ಅಟ್ಟದಲ್ಲಿದೆ ಎಂಬ ಪಟ್ಟಿ ಇರುವುದು ಆಕೆಯ ತಲೆಯಲ್ಲಿ.

ಎರಡನೆಯದು, ಜಾಗ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ನೆಲದ ಹತ್ತಿರ ಇಟ್ಟದ್ದನ್ನು ಒರಲೆ ತಿಂದಿರುತ್ತದೆ, ಗೋಡೆಗೆ ಒರಗಿಸಿದ್ದಕ್ಕೆ ಬೂಸ್ಟು ಹಿಡಿದಿರುತ್ತದೆ. ಉಳಿದುಕೊಳ್ಳುವುದು ಒಲೆಯ ನೇರಕ್ಕಿರುವ ಅಟ್ಟದಲ್ಲಿ, ಹೊಗೆ ಕುಡಿದು ಕಪ್ಪಾಗಿ. ಏಣಿ ಹತ್ತಿ, ಕೈ ಒಳಗೆ ಚಾಚಿ, ಹಳೆಯ ಚಾಪೆ, ಮುರಿದ ತೊಟ್ಟಿಲು ಎಲ್ಲವನ್ನೂ ದಾಟಿ, ಬೆರಳಿಗೆ ತಣ್ಣನೆಯ ತಂತಿ ತಾಗಿದಾಗ ಆಗುವ ಸುಖ ನನಗೆ ಬೇರೆ ಯಾವುದರಲ್ಲಿಯೂ ಸಿಕ್ಕಿಲ್ಲ. ಒಮ್ಮೆ ಹೀಗೆ ಚಾಚಿದಾಗ ತಣ್ಣಗೆ ತಾಗಿದ್ದು ಕೇರೆ ಹಾವು. ಆ ಮನೆಗೆ ಮತ್ತೆ ಹೋಗಲಿಲ್ಲ.

ಹೊನ್ನಾವರ ತಾಲೂಕಿನ ಒಂದು ಮನೆಯಲ್ಲಿ ಏಳುನೂರು ರೂಪಾಯಿಗೆ ಕೊಂಡ ಐದು ತಂತಿಯ ಬ್ಯಾಂಜೋ ಈಗಲೂ ನನ್ನ ಬಳಿ ಇದೆ. ಅದರ ನಿಜವಾದ ಬೆಲೆ ನಾನು ಕೊಟ್ಟದ್ದರ ಹತ್ತಾರು ಪಟ್ಟು ಇದೆಯೆಂದು ನನಗೆ ಗೊತ್ತಿತ್ತು.

ಅಪ್ಪೆಮಿಡಿ (ಸಿದ್ದಾಪುರ)

ಗೊತ್ತಿದ್ದೂ ಏಳುನೂರು ಕೊಟ್ಟು ಬಂದಿರಾ?

ಹಳೇ ಕೊಂಡಿ (ಹೊನ್ನಾವರ)

ಅವರು ಐದುನೂರು ಕೇಳಿದರು, ನಾನು ಏಳುನೂರು ಕೊಟ್ಟೆ. ನಾನು ಒಯ್ಯದಿದ್ದರೆ ಅದು ಮರುದಿನ ಬಚ್ಚಲ ಒಲೆಗೆ ಹೋಗುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪೆಟ್ಟಿಗೆ ಮಾಸ್ತರ (ಶಿರಸಿ)

ಇದು ನನಗೆ ಸರಿಯೆನಿಸುವುದಿಲ್ಲ. ಬಚ್ಚಲ ಒಲೆಯ ಮಾತು ಎಲ್ಲ ಕೊಳ್ಳುವವರೂ ಹೇಳುವ ಮಾತು. ನಮ್ಮ ಘಟ್ಟದ ಮೇಲೆ ಕೆತ್ತನೆಯ ಕಂಬ, ಹೆಬ್ಬಾಗಿಲು, ತೂಗುಮಂಚಗಳು ಇದೇ ಮಾತಿನ ಮೇಲೆ ಲಾರಿ ಹತ್ತಿ ಹೋದವು. ನಮ್ಮ ಸೋದರತ್ತೆಯೊಬ್ಬರು ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗಿ ತವರಿಗೆ ಬಂದಿದ್ದರು. ಅವರಿಗೆ ಹಾಡು ಬರುತ್ತಿತ್ತು, ಆದರೆ ಜಗುಲಿಗೆ ಕೇಳಿಸುವಂತೆ ಹಾಡುವ ಹಾಗಿರಲಿಲ್ಲ. ಮುಂಬಯಿಯಲ್ಲಿದ್ದ ಅಣ್ಣ ತಂದುಕೊಟ್ಟ ಒಂದು ಬುಲ್‌ಬುಲ್ ತರಂಗವನ್ನು ಅಡಿಕೆ ಸುಲಿಯುವ ದಿನಗಳಲ್ಲಿ, ಎಲ್ಲರೂ ಅಂಗಳದಲ್ಲಿ ಸೇರಿ ಗದ್ದಲವಾಗಿದ್ದಾಗ, ಭತ್ತ ತುಂಬುವ ಪತ್ತಾಯದ ಹಿಂದೆ ಕುಳಿತು, ಮೇಲೆ ಕಂಬಳಿ ಹೊದಿಸಿ ಮೆಲ್ಲಗೆ ಬಾರಿಸುತ್ತಿದ್ದರಂತೆ. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಪತ್ತಾಯ ಸರಿಸಿದಾಗ ಅದು ನನಗೆ ಸಿಕ್ಕಿತು. ಕೀಲಿಗಳಲ್ಲಿ ಏಳೆಂಟು ಮಾತ್ರ ಸವೆದಿದ್ದವು, ಉಳಿದವು ಹೊಸದರಂತಿದ್ದವು. ಸವೆದ ಕೀಲಿಗಳನ್ನಷ್ಟೇ ಒತ್ತುತ್ತ ಹೋದರೆ ಭೂಪಾಲಿ ರಾಗದ ಸ್ವರಗಳು ಬರುತ್ತವೆ. ಆಕೆ ಏನು ಬಾರಿಸುತ್ತಿದ್ದಳೆಂದು ನನಗೆ ಹಾಗೆ ತಿಳಿಯಿತು.

ಇದನ್ನು ನಾನು ಯಾರಿಗಾದರೂ ಏಳುನೂರಕ್ಕೆ ಕೊಟ್ಟಿದ್ದರೆ, ಒಯ್ದವರು ಮೊದಲು ಮಾಡುತ್ತಿದ್ದ ಕೆಲಸ ಆ ಸವೆದ ಕೀಲಿಗಳನ್ನು ಬದಲಿಸುವುದು.

ತಂತಿ ಮತ್ತು ತೊಗಲು (ಬೆಂಗಳೂರು, ಮೂಲ ಕಾರವಾರ)

ಮಾಸ್ತರರೇ, ಈ ಒಂದು ಬರಹಕ್ಕಾಗಿ ನಿಮ್ಮ ಮೊದಲ ಬರಹವನ್ನು ಕ್ಷಮಿಸಿದೆ.

ಹಳೇ ಕೊಂಡಿ (ಹೊನ್ನಾವರ)

ಮಾಸ್ತರರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆ ಐದು ತಂತಿಯದನ್ನು ಕೊಟ್ಟ ಮನೆ ಈಗ ಬೀಗ ಹಾಕಿದೆ, ಮಕ್ಕಳು ಹುಬ್ಬಳ್ಳಿಯಲ್ಲಿದ್ದಾರೆಂದು ಕೇಳಿದ್ದೇನೆ.

ಮಾಜಾಳಿ ಕಡಲು (ಕಾರವಾರ)

ಕೊಳ್ಳುವ ಮಾತು ಬಂದದ್ದರಿಂದ ಕಾನೂನಿನ ಬಗ್ಗೆಯೂ ಒಂದು ಎಚ್ಚರಿಕೆ. ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ. 1920ರ ದಶಕದ ಬ್ಯಾಂಜೋಗಳು ಒಂದೊಂದಾಗಿ ಆ ಗೆರೆ ದಾಟುತ್ತಿವೆ. ಬಿರಡೆಗಳು ಆನೆಯ ದಂತದವಾಗಿದ್ದರಂತೂ ಮಾರಾಟದ ಯೋಚನೆಯನ್ನೇ ಬಿಡಿ, ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.

ಅಘನಾಶಿನಿ ದಂಡೆ (ಕುಮಟಾ)

ಬಿರಡೆಗಳ ಹಿಡಿ ಬೆಳ್ಳಗೆ, ಸ್ವಲ್ಪ ಹಳದಿ ತಿರುಗಿವೆ. ದಂತವೇ ಎಂದು ತಿಳಿಯುವುದು ಹೇಗೆ? ಸೂಜಿ ಕಾಯಿಸಿ ಚುಚ್ಚಿ ನೋಡಬೇಕೆಂದು ಇಲ್ಲಿ ಒಬ್ಬರು ಹೇಳಿದರು.

ತಂತಿ ಮತ್ತು ತೊಗಲು (ಬೆಂಗಳೂರು, ಮೂಲ ಕಾರವಾರ)

ದಯವಿಟ್ಟು ಸೂಜಿ ಕಾಯಿಸಬೇಡಿ. ಆ ಕಾಲದಲ್ಲಿ ದಂತದ ಬದಲು ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ಕನ್ನು ಬಳಸುತ್ತಿದ್ದರು. ಅದು ಕಿಡಿ ತಾಗಿದರೆ ಭಗ್ಗೆಂದು ಉರಿಯುತ್ತದೆ. ಹೆಬ್ಬೆರಳಿನಿಂದ ಬಲವಾಗಿ, ಬಿಸಿಯಾಗುವವರೆಗೆ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಯಾಕೆಂದರೆ ಅದನ್ನು ಮಾಡುವಾಗ ಕರ್ಪೂರವನ್ನೇ ಸೇರಿಸುತ್ತಾರೆ.

ಅಘನಾಶಿನಿ ದಂಡೆ (ಕುಮಟಾ)

ಮಂಗಳಾರತಿಯ ವಾಸನೆ ಬಂತು! ನೆಮ್ಮದಿಯಾಯಿತು.

ಈಗ ಚರ್ಮದ ಪ್ರಶ್ನೆ. ಹರಿದ ಚರ್ಮವನ್ನು ತೆಗೆದು ಪ್ಲಾಸ್ಟಿಕ್ಕಿನದನ್ನು ಹಾಕಬೇಕೋ, ಚರ್ಮವನ್ನೇ ಹಾಕಿಸಬೇಕೋ? ನಮ್ಮೂರಿನ ಮದ್ದಳೆ ಮಾಡುವವರು ತಾವು ಹಾಕಿಕೊಡುತ್ತೇವೆ ಎನ್ನುತ್ತಿದ್ದಾರೆ.

ಪೆಟ್ಟಿಗೆ ಮಾಸ್ತರ (ಶಿರಸಿ)

ಚರ್ಮವೇ ಸರಿ. ಪ್ಲಾಸ್ಟಿಕ್ಕು ಹಾಕಿದರೆ ಅದು ಬಕೆಟ್ಟು ಬಡಿದಂತೆ ಕೇಳಿಸುತ್ತದೆ.

ತಂತಿ ಮತ್ತು ತೊಗಲು (ಬೆಂಗಳೂರು, ಮೂಲ ಕಾರವಾರ)

ಇಲ್ಲಿ ಮಾಸ್ತರರ ಜೊತೆ ಅರ್ಧ ಮಾತ್ರ ಒಪ್ಪುತ್ತೇನೆ. ಬ್ಯಾಂಜೋಗೆ ಹಾಕುತ್ತಿದ್ದದ್ದು ಕರುವಿನ ತೆಳು ಚರ್ಮ. ಮದ್ದಳೆಯವರಿಗೆ ಚರ್ಮದ ಗುಣ ಗೊತ್ತಿದೆ, ಆದರೆ ಅವರು ಹಾಕುವ ದಪ್ಪ ಇಲ್ಲಿಗೆ ಒಗ್ಗದು. ಎಷ್ಟು ತೆಳುವಾದದ್ದು ಬೇಕೆಂದು ಹಳೆಯ ಚರ್ಮದ ತುಂಡನ್ನು ತೋರಿಸಿ ಹೇಳಬೇಕು. ಚರ್ಮದ ನಾದ ಮೆತ್ತಗಿರುತ್ತದೆ, ಕಿವಿಗೆ ಹಿತ. ಆದರೆ ಆಷಾಢದ ಮಳೆಗೆ ಅದು ತೇವ ಹೀರಿ ಸಡಿಲವಾಗುತ್ತದೆ, ಕುದುರೆ (ಚರ್ಮದ ಮೇಲೆ ನಿಂತು ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಕೆಳಗೆ ಕುಸಿಯುತ್ತದೆ, ತಂತಿಗಳು ಫ್ರೆಟ್ಟಿಗೆ ತಾಗಿ ಗುರುಗುಟ್ಟುತ್ತವೆ. ಆಗ ಸಿಟ್ಟಿನಿಂದ ಕೊಕ್ಕೆ ಬಿಗಿಯಬಾರದು. ಬಿಗಿದರೆ ಮಾಘದ ಒಣ ಗಾಳಿಗೆ ಚರ್ಮ ತಾನಾಗಿಯೇ ಸೆಳೆದುಕೊಂಡು ರಾತ್ರಿ ಹೊತ್ತು ಪಟಾಕಿಯಂತೆ ಹರಿಯುತ್ತದೆ. ನಿಮ್ಮದು ಅಂಚಿನಲ್ಲಿ ಹರಿದಿರುವುದು ನೋಡಿದರೆ ಹೀಗೆಯೇ ಆಗಿರಬೇಕು. ಪ್ಲಾಸ್ಟಿಕ್ಕು 1950ರ ದಶಕದ ಕೊನೆಯಿಂದ ಬಂದದ್ದು, ಅದಕ್ಕೆ ಮಳೆ ಬಿಸಿಲಿನ ಹಂಗಿಲ್ಲ. ದಿನವೂ ಬಾರಿಸುವವರಿಗೆ ಪ್ಲಾಸ್ಟಿಕ್ಕು, ಮನೆಯ ನೆನಪಿಗೆ ಇಡುವವರಿಗೆ ಚರ್ಮ ಎಂಬುದು ನನ್ನ ಅಭಿಪ್ರಾಯ.

ಕುದುರೆಯನ್ನು ಅಂಟಿಸಲು ಹೋಗಬೇಡಿ. ಅದು ತಂತಿಯ ಒತ್ತಡದಲ್ಲಿಯೇ ನಿಲ್ಲಬೇಕು. ಬಿರಡೆಯ ಕಡೆ ತಂತಿಗಳು ಹಾದುಹೋಗುವ ತುದಿಪಟ್ಟಿಯಿಂದ ಹನ್ನೆರಡನೆಯ ಫ್ರೆಟ್ಟಿನವರೆಗೆ ಎಷ್ಟು ದೂರವೋ ಅಲ್ಲಿಂದ ಕುದುರೆಯವರೆಗೂ ಅಷ್ಟೇ ದೂರ ಇಟ್ಟರೆ ಸ್ವರ ಸರಿಯಾಗಿ ಕೂಡುತ್ತದೆ.

ಅಪ್ಪೆಮಿಡಿ (ಸಿದ್ದಾಪುರ)

ನನ್ನ ಜರಡಿಗೂ ಚರ್ಮ ಹಾಕಿಸಬಹುದೇ ಎಂಬ ಆಸೆ ಹುಟ್ಟಿತು. ಕೊಟ್ಟಿಗೆಗೆ ಹೊಸ ಅಗಳಿ ಮಾಡಿಸಬೇಕಾಗುತ್ತದೆ, ಅಷ್ಟೇ.

ಅಘನಾಶಿನಿ ದಂಡೆ (ಕುಮಟಾ)

ಎರಡು ವಾರ ಬರೆಯದಿದ್ದುದಕ್ಕೆ ಕ್ಷಮೆ ಇರಲಿ. ನಿನ್ನೆ ಅಂಕೋಲೆಗೆ ಹೋಗಿ ಮಾವನ ಜೊತೆ ಕುಳಿತು ಮಾತನಾಡಿದೆ. ಚರ್ಮ ಹಾಕಿಸುತ್ತೇನೆ ಎಂದು ಪೀಠಿಕೆ ಹಾಕುತ್ತಿದ್ದಂತೆಯೇ ಅವರು, ಅದು ನಮ್ಮದಲ್ಲವಲ್ಲ ಎಂದರು. ಒಳಗಿನಿಂದ ಅತ್ತೆ ಬಂದು ಉಳಿದದ್ದನ್ನು ಹೇಳಿದರು.

ಗೋವೆ ಬಿಡುಗಡೆಯಾಗುವುದಕ್ಕೆ ಒಂದು ವರ್ಷ ಮೊದಲು, ಅಂದರೆ 1960ರಲ್ಲಿ, ಅತ್ತೆ ಆ ಮನೆಗೆ ಹೊಸ ಸೊಸೆ. ಆ ಮಳೆಗಾಲದಲ್ಲಿ ಗೋವೆಯ ಕಡೆಯ ಒಬ್ಬ ವಯಸ್ಸಾದ ಮನುಷ್ಯ ಹೊರಜಗುಲಿಯ ಕೋಣೆಯಲ್ಲಿ ಉಳಿದುಕೊಂಡಿದ್ದನಂತೆ. ಮುಂಬಯಿಗೆ ಹೊರಟವನು, ಮಳೆಗೆ ಆಗಬೋಟು ನಿಂತು ಹೋಗಿದ್ದರಿಂದ ಅಲ್ಲಿಯೇ ತಂಗಿದ. ನಡುವೆ 20 ದಿನ ಜ್ವರದಲ್ಲಿ ಮಲಗಿದಾಗ ಅತ್ತೆಯ ಅತ್ತೆ ಅವನಿಗೆ ಗಂಜಿ ಬೇಯಿಸಿ ಹಾಕಿದರು. ಮಳೆ ಮುಗಿದು ಹೊರಡುವಾಗ ಅವನ ಕೈಯಲ್ಲಿ ಕಾಸಿರಲಿಲ್ಲ. ಪೆಟ್ಟಿಗೆಯನ್ನು ಜಗುಲಿಯ ಮೇಲಿಟ್ಟು, ತಿರುಗಿ ಬಂದಾಗ ಲೆಕ್ಕ ತೀರಿಸಿ ಒಯ್ಯುತ್ತೇನೆಂದು ಹೇಳಿ ಹೋದ. ಹೆಸರು ಕೇಳಿದರೆ ಅತ್ತೆಗೆ ನೆನಪಿಲ್ಲ, ಮನೆಯಲ್ಲಿ ಎಲ್ಲರೂ ಅವನನ್ನು ಪಿಟೀಲಿನವನು ಎಂದೇ ಕರೆಯುತ್ತಿದ್ದರು. ಪಿಟೀಲನ್ನು ಅವನು ಜೊತೆಗೇ ಒಯ್ದ.

ಕಾಳುಮೆಣಸನ್ನು ಇಡುವವರು ಅತ್ತೆಯೇ. ಪ್ರತಿ ವರ್ಷ ಆಯುಧಪೂಜೆಯ ದಿನ ಪೆಟ್ಟಿಗೆ ಇಳಿಸಿ, ಬಿಸಿಲಿಗೆ ಇಟ್ಟು, ಹುಳ ಬಾರದಂತೆ ಹೊಸ ಮೆಣಸಿನ ಗಂಟು ಹಾಕಿ ಮತ್ತೆ ಮೇಲಿಡುತ್ತಾರೆ. ಈಗ ಮಂಡಿನೋವಿನಿಂದಾಗಿ ಸೊಸೆಯನ್ನು ಏಣಿ ಹತ್ತಿಸುತ್ತಾರೆ.

ತಂತಿ ಮತ್ತು ತೊಗಲು (ಬೆಂಗಳೂರು, ಮೂಲ ಕಾರವಾರ)

ಪಿಟೀಲಿನವನು! ಮಾಜಾಳಿಯವರೇ, ಓದಿದಿರಾ?

ಮಾಜಾಳಿ ಕಡಲು (ಕಾರವಾರ)

ಓದಿದೆ. ಎರಡು ಸಲ ಓದಿದೆ. ಗೋವೆಯ ಕಾಣಕೋಣದ ಕಡೆಯ ಇಗರ್ಜಿಗಳಲ್ಲಿ ನನಗೆ ಪರಿಚಯದ ಹಿರಿಯರಿದ್ದಾರೆ. ಪಿಟೀಲು ನುಡಿಸುತ್ತಿದ್ದು, 1960ರ ಕೊನೆಗೆ ಮುಂಬಯಿಗೆ ಹೋದವರ ಬಗ್ಗೆ ವಿಚಾರಿಸುತ್ತೇನೆ. ಹೆಸರಿಲ್ಲದೆ ಹುಡುಕುವುದು ಕಷ್ಟ, ಆದರೆ ಅಂಥ ಪಿಟೀಲಿನವರು ಒಂದೊಂದು ಊರಿಗೆ ನಾಲ್ಕೈದು ಮಂದಿಗಿಂತ ಹೆಚ್ಚು ಇರಲಿಲ್ಲ.

ಹಳೇ ಕೊಂಡಿ (ಹೊನ್ನಾವರ)

ಇದಕ್ಕೆ ಬೆಲೆ ಎಷ್ಟು ಎಂದು ಖಾಸಗಿಯಾಗಿ ಕೇಳಬೇಕೆಂದಿದ್ದೆ. ಕೇಳುವುದಿಲ್ಲ. ಹಾಗಾದರೆ ಚರ್ಮವನ್ನು ಏನು ಮಾಡುವಿರಿ?

ಅಘನಾಶಿನಿ ದಂಡೆ (ಕುಮಟಾ)

ಅತ್ತೆಯನ್ನೇ ಕೇಳಿದೆ. ತಂತಿ ಹಾಕಿಸಬಹುದು, ಚರ್ಮವನ್ನೂ ಹಾಕಿಸಬಹುದು, ಆದರೆ ತೆಗೆದ ಹಳೆಯ ಚರ್ಮವನ್ನೂ ಆ ಒಂದು ತಂತಿಯನ್ನೂ ಪೆಟ್ಟಿಗೆಯೊಳಗೇ ಇಡಬೇಕಂತೆ. ಬಂದು ಕೇಳಿದರೆ ಅವನ ಸಾಮಾನು ಅವನಿಗೆ ಪೂರ್ತಿ ಸಿಗಬೇಕಲ್ಲ ಎಂದರು. ಅವನಿಗೆ ಈಗ ನೂರಿಪ್ಪತ್ತು ವರ್ಷವಾಗಿರುತ್ತದೆ ಅತ್ತೆ ಎಂದೆ. ಅವನಲ್ಲದಿದ್ದರೆ ಅವನ ಮೊಮ್ಮಗ ಬರುತ್ತಾನೆ ಎಂದು ಹೇಳಿ ಅಡುಗೆಮನೆಗೆ ಹೋದರು. ನಾನು ಜಗಿದು ನೋಡಿದ ಎರಡು ಕಾಳು ಕಡಿಮೆಯಾಗಿದ್ದನ್ನು ಕೇಳಿ, ಮತ್ತೆ ಒಂದು ಹಿಡಿ ಮೆಣಸು ತಂದು ಗಂಟು ಕಟ್ಟಿ ಕೊಟ್ಟಿದ್ದಾರೆ.

ಪೆಟ್ಟಿಗೆ ಮಾಸ್ತರ (ಶಿರಸಿ)

ಮದ್ದಳೆಯವರ ಬಳಿಗೆ ಹೋಗುವ ದಿನ ತಿಳಿಸಿ, ನಾನೂ ಶಿರಸಿಯಿಂದ ಬಸ್ಸು ಹತ್ತಿ ಬರುತ್ತೇನೆ. ಬರುವಾಗ ಸೋದರತ್ತೆಯ ಬುಲ್‌ಬುಲ್ ತರಂಗವನ್ನೂ ತರುತ್ತೇನೆ, ಎರಡು ಬ್ಯಾಂಜೋಗಳನ್ನು ಪಕ್ಕಪಕ್ಕದಲ್ಲಿಟ್ಟು ಒಮ್ಮೆ ನೋಡಬೇಕಾಗಿದೆ.